ಒಂದೇ ಅಳತೆಯ ಹುಟ್ಟು

ನಮ್ಮ ಅಡುಗೆಮನೆಯಲ್ಲಿ, ಒಲೆಕಟ್ಟೆಯ ಬುಡದಲ್ಲಿ, ಒಂದು ಸಾಗವಾನಿ ಮಣೆ ಇದೆ. ಕೂತು ಉಣ್ಣಲೆಂದು ಬೀದರಿನಿಂದ ನಮ್ಮವ್ವ ಕಳಿಸಿದ್ದು. ಆದರೆ ನಾನು ಅದರ ಮೇಲೆ ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು. ಹೈದರಾಬಾದಿನ ಕುಷಾಯಿಗೂಡದ ಈ ಬಾಡಿಗೆ ಮನೆಯ ಕಟ್ಟೆಯನ್ನು ಕಟ್ಟಿಸಿದ ಮಹಾನುಭಾವ ಯಾರೋ, ಅವನ ಮನೆಯ ಹೆಂಗಸರು ಎಷ್ಟು ಎತ್ತರವಿದ್ದರೋ ನಾನರಿಯೆ. ಐದಡಿ ಮುಟ್ಟದ ನಾನು ಅದರ ಮುಂದೆ ನಿಂತರೆ ಕುದಿಯುವ ಸಾರಿನ ಆವಿ ಕಾಣುತ್ತದೆಯೇ ಹೊರತು ಸಾರು ಕಾಣುವುದಿಲ್ಲ. ಅದಕ್ಕೇ ಮಣೆ. "ಉಣ್ಣೋ ಮಣೀ ಮ್ಯಾಲ ನಿಂದರಬಾರದವ್ವಾ" ಎಂದು ಅತ್ತೆಯವರು ಬಂದಾಗಲೆಲ್ಲ ನನ್ನನ್ನು ಬೈಯುತ್ತಾರೆ. ಕಟ್ಟೆಯನ್ನು ಬೈದವರು ಮಾತ್ರ ಇದುವರೆಗೆ ಯಾರೂ ಇಲ್ಲ, ಅದು ಕಲ್ಲಿನದು ನೋಡಿ.

ನೀವೇ ಹೇಳಿ, ಇದು ಯಾವ ಸೀಮೆಯ ನ್ಯಾಯ? ಬಸ್ಸಿನ ಮೇಲುಕಂಬಿಗೆ ನನ್ನ ಕೈ ಎಟುಕದಿದ್ದರೆ ತಪ್ಪು ನನ್ನ ಕೈಯದು. ಆಫೀಸಿನ ಕುರ್ಚಿ ಇಳಿಸಿದರೆ ಮೇಜು ಗಲ್ಲಕ್ಕೆ ಬರುತ್ತದೆ, ಏರಿಸಿದರೆ ಕಾಲು ಉಯ್ಯಾಲೆಯಾಡುತ್ತದೆ, ಅದಕ್ಕೂ ಕಾರಣ ನನ್ನ ಕಾಲೇ. ಮದುವೆಗೆ ಮುಂಚೆ ನೋಡಲು ಬಂದವರೊಬ್ಬರು ಉಪ್ಪಿಟ್ಟನ್ನೆಲ್ಲ ಖಾಲಿ ಮಾಡಿ, "ಹುಡುಗಿ ಭಾಳ ಶ್ಯಾಣ್ಯಾ ಇದ್ದಾಳ, ಆದ್ರ ಗಿಡ್ಡ" ಎಂದು ಕೈತೊಳೆದುಕೊಂಡು ಹೋಗಿದ್ದರು. ಇಷ್ಟು ವರ್ಷದಲ್ಲಿ ನನ್ನ ಅಳತೆಯನ್ನು ಕೇಳಿ, ಅದಕ್ಕೆ ತಕ್ಕಂತೆ ಏನನ್ನಾದರೂ ಮಾಡಿಕೊಟ್ಟವನು ಕುಪ್ಪಸ ಹೊಲಿಯುವ ದರ್ಜಿ ಒಬ್ಬನೇ.

ಇಲ್ಲ, ಇನ್ನೊಬ್ಬಳಿದ್ದಾಳೆ. ಅವಳ ವಿಷಯ ಹೇಳಲೆಂದೇ ಇಷ್ಟು ಪೀಠಿಕೆ.

ಹೈದರಾಬಾದಿನ ಪಶ್ಚಿಮಕ್ಕೆ ಬಂಡೆಗಳನ್ನು ಸಿಡಿಸಿ ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಅಂಥದೊಂದು ಕಟ್ಟಡದಲ್ಲಿ ನನ್ನ ನೌಕರಿ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು, ಅಂದರೆ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ. ಕಟ್ಟಡದ ಹಿಂದೆ ಒಂದು ಕೆರೆ, ಕೆರೆಯ ದಡದಲ್ಲಿ ಒಂದು ದೋಣಿಯ ಕ್ಲಬ್ಬು. ಒಬ್ಬರೇ ಕೂರುವ ಸಪೂರ ಕಯಾಕ್ ದೋಣಿಗಳು ಅಲ್ಲಿದ್ದವು. ಬಿಸಿಲೂರಿನಲ್ಲಿ ಹುಟ್ಟಿ, ಬಾವಿಯನ್ನು ಬಗ್ಗಿ ನೋಡಲೂ ಹೆದರಿ ಬೆಳೆದ ನಾನು ಮೂವತ್ತೆಂಟರಲ್ಲಿ ಅದರೊಳಗೆ ಇಳಿಯುತ್ತೇನೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಇಳಿದೆ. ಕಲಿಸಲು ಬಂದ ಶಹನಾಜ್ ಎಂಬ ಹುಡುಗಿ, ಎರಡೂ ತುದಿಗೆ ಅಲಗಿರುವ ಹುಟ್ಟನ್ನು ನನ್ನ ಕೈಗೆ ಕೊಟ್ಟು, ತಲೆಯ ಮೇಲೆ ಅಡ್ಡ ಹಿಡಿಯಲು ಹೇಳಿ, ನನ್ನ ಮೊಳಕೈ ನೋಡಿದಳು, ಹೆಗಲು ನೋಡಿದಳು, ನಾನು ಕೂರುವ ದೋಣಿಯ ಅಗಲ ನೋಡಿದಳು. ಆಮೇಲೆ ಹುಟ್ಟಿನ ನಡುವಿನ ಪುಟ್ಟ ಕ್ಲಿಪ್ಪನ್ನು ಬೆರಳಲ್ಲಿ ಎತ್ತಿ, ಒಂದರೊಳಗೊಂದು ಸೇರಿದ್ದ ಎರಡು ತುಂಡುಗಳನ್ನು ಇನ್ನಷ್ಟು ಒಳಗೆ ತಳ್ಳಿ, ಕ್ಲಿಪ್ಪು ಒತ್ತಿ ಬಿಗಿ ಮಾಡಿದಳು. "ಅಬ್ ದೇಖೋ ಆಪಾ, ಯೇ ಆಪ್ ಕಾ ಹೈ" ಎಂದಳು. ನೋಡಿ ಅಕ್ಕಾ, ಇದು ಈಗ ನಿಮ್ಮದು ಎಂದ ಆ ಒಂದು ಮಾತಿಗೆ ನಾನು ಹುಟ್ಟನ್ನು ಎದೆಗವಚಿಕೊಂಡೆ ಎಂದರೆ ನೀವು ನಗುವಿರೇನೋ, ನಗಿ. ವಸ್ತುವೊಂದು ನನ್ನ ಸಲುವಾಗಿ ತಾನು ಬದಲಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಂದಿನಿಂದ ಶನಿವಾರದ ಬೆಳಗು ನನ್ನದಾಯಿತು. ಅಲಗು ನೀರಿಗಿಳಿಯುವ ಸದ್ದು, ಹಿಂದೆ ಸರಿಯುವ ಬಂಡೆಗಳು, ಮನೆಯ ಹಂಗಿಲ್ಲ, ಆಫೀಸಿನ ಹಂಗಿಲ್ಲ. ಕಂಪನಿಯವರು ಕೆರೆಯ ಮೇಲೆ ದೋಣಿಯೋಟದ ಸ್ಪರ್ಧೆ ಮಾಡುತ್ತೇವೆ, ವಿಭಾಗಕ್ಕೊಬ್ಬರು ಎಂದಾಗ ನಮ್ಮ ವಿಭಾಗದವರೆಲ್ಲ ನನ್ನ ಹೆಸರನ್ನೇ ಹೇಳಿದರು. ಆಟೋಟದಲ್ಲಿ ನನ್ನ ಹೆಸರನ್ನು ಯಾರಾದರೂ ಹೇಳಿದ್ದು ಜನ್ಮದಲ್ಲೇ ಅದೊಂದು ಸಲ. ಆ ದೋಣಿಯ ಸೀಟು ನನಗೆ ಏನಾಗಿತ್ತೆಂದು ಇನ್ನು ಬಿಡಿಸಿ ಹೇಳಬೇಕಿಲ್ಲ.

ಅಷ್ಟರಲ್ಲಿ ನಾಗೇಂದ್ರ ಬಂದ. ಬೆಂಗಳೂರಿನ ಹುಡುಗ, ಕಂಪನಿಯ ಹಬ್ಬ ಹರಿದಿನಗಳ ಉಸ್ತುವಾರಿ, ಒಳ್ಳೆಯವನೇ, ಆದರೆ ಫೋಟೋದ ಹುಚ್ಚು. ಸ್ಪರ್ಧೆಗೆಂದು ಹೊಸ ಹುಟ್ಟುಗಳನ್ನು ತರಿಸಿದ. ಎಲ್ಲವೂ ಉದ್ದ ಹೆಚ್ಚುಕಡಿಮೆ ಮಾಡಬಹುದಾದವೇ. ಆದರೆ ಈ ಪುಣ್ಯಾತ್ಮ ಏನು ಮಾಡಿದ ಗೊತ್ತೇ? ಎಲ್ಲರೂ ದಡದಲ್ಲಿ ಸಾಲಾಗಿ ನಿಂತು ಹುಟ್ಟನ್ನು ನೆಟ್ಟಗೆ ಹಿಡಿದರೆ ತುದಿಗಳೆಲ್ಲ ಒಂದೇ ಗೆರೆಯಲ್ಲಿ ಬರಬೇಕೆಂದು, ಎಲ್ಲವನ್ನೂ ಒಂದೇ ಉದ್ದಕ್ಕೆ ಇಟ್ಟು, ಯಾರೂ ಕದಲಿಸದಂತೆ ಆ ಕ್ಲಿಪ್ಪುಗಳ ಮೇಲೆ ಕಂಪನಿಯ ಬಣ್ಣದ ನೀಲಿ ಟೇಪನ್ನು ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಸುತ್ತಿಸಿಬಿಟ್ಟ! ಅಯ್ಯೋ ಶಿವನೇ, ಹೊಂದಿಕೊಳ್ಳಲೆಂದೇ ಹುಟ್ಟಿದ ವಸ್ತುವಿಗೆ ಹೊಂದಿಕೊಳ್ಳಕೂಡದೆಂದು ಬಾಯಿ ಕಟ್ಟಿದ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಹುಟ್ಟಿನಿಂದ ಅಭ್ಯಾಸ ಮಾಡಿದೆ. ಅಲಗು ದೋಣಿಯಿಂದ ಎಲ್ಲೋ ದೂರ ನೀರಿಗೆ ಬೀಳುತ್ತಿತ್ತು, ಎಳೆದಾಗಲೆಲ್ಲ ದೋಣಿಯ ಮೂಗು ಅಡ್ಡ ತಿರುಗುತ್ತಿತ್ತು, ಸಂಜೆಗೆ ಜಡೆ ಹಾಕಿಕೊಳ್ಳಲು ಕೈ ಮೇಲೇಳದಷ್ಟು ಹೆಗಲು ಹಿಡಿಯುತ್ತಿತ್ತು. "ಈ ಟೇಪ್ ಬಿಚ್ಚಸ್ರೀ" ಎಂದು ನಾಗೇಂದ್ರನಿಗೆ ಹೇಳಿದರೆ ಅವನು ನಕ್ಕು, "ಎಲ್ರಿಗೂ ಒಂದೇ ಅಲ್ವಾ ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದ. ಸ್ಪರ್ಧೆಯ ಹಿಂದಿನ ದಿನ ಇನ್ನೂ ಮೆತ್ತಗೆ ಬಂದು, "ನಿಮ್ಮ ಹೈಟಿಗೆ ಇದು ಕಷ್ಟ ಆಗ್ತಿದೆ ಅನ್ಸುತ್ತೆ. ನಿಮ್ಮ ಬದಲು ಬಸವರಾಜ್‌ನ ಹಾಕಿದೀನಿ. ನೀವು ದಡದಲ್ಲಿ ಬ್ಯಾನರ್ ಹಿಡ್ಕೊಳ್ಳಿ, ಆಯ್ತಾ?" ಎಂದ.

ಬ್ಯಾನರು! ನನ್ನ ಮೈಯೆಲ್ಲ ಉರಿದುಹೋಯಿತು. ಮನುಷ್ಯ ಹುಟ್ಟುವ ಮೊದಲಿನಿಂದ ಇದ್ದ ಬಂಡೆಗಳನ್ನು ಮದ್ದಿಟ್ಟು ಪುಡಿ ಮಾಡಿ, ನೆಲವನ್ನು ತಮ್ಮ ನಕ್ಷೆಗೆ ಸರಿಹೊಂದಿಸಿಕೊಂಡ ಊರು ಇದು. ಇಲ್ಲಿ ಒಬ್ಬ ಹೆಂಗಸಿನ ಸಲುವಾಗಿ ಒಂದು ಕ್ಲಿಪ್ಪು ಎತ್ತಲು ಆಗುವುದಿಲ್ಲವಂತೆ. ಎಲ್ಲರಿಗೂ ಒಂದೇ ಎಂದರೆ ನ್ಯಾಯ ಎಂದು ತಿಳಿದ ಇವನಿಗೆ ನಾಳೆ ಎಲ್ಲರಿಗೂ ಒಂದೇ ಅಳತೆಯ ಚಪ್ಪಲಿ ಕೊಡಬೇಕು, ಕೊಟ್ಟು ಓಡು ಎನ್ನಬೇಕು. ಮನೆಗೆ ಬಂದು ಮಣೆಯ ಮೇಲೆ ನಿಂತು ಪಲ್ಯಕ್ಕೆ ಒಗ್ಗರಣೆ ಹಾಕುವಾಗ ಸಾಸಿವೆ ಹೊತ್ತಿಹೋದದ್ದೂ ತಿಳಿಯಲಿಲ್ಲ. ಅವಮಾನಕ್ಕೆ ಅಳು ಬಂತು. ಆಮೇಲೆ ಈರುಳ್ಳಿ ಹೆಚ್ಚುವ ಚಾಕುವನ್ನು ತೊಳೆದು, ಒರೆಸಿ, ಒಂದು ಕಾಗದದಲ್ಲಿ ಸುತ್ತಿ ನನ್ನ ಬ್ಯಾಗಿಗೆ ಹಾಕಿಕೊಂಡೆ.

ಮರುದಿನ ದಡದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು, ನೀಲಿ ಪಟ್ಟಿಯ ಹುಟ್ಟುಗಳು ಬೇಲಿ ನೆಟ್ಟ ಹಾಗೆ ಒಂದೇ ಸಮ. ನಾನು ಬ್ಯಾನರನ್ನು ಹುಲ್ಲಿನ ಮೇಲೆ ಬಿಟ್ಟು ನೇರ ಬಸವರಾಜನ ಹತ್ತಿರ ಹೋದೆ. ಅವನು ರಾಯಚೂರಿನವನು, ತೆಂಗಿನಮರದಂಥ ಆಳು, ನಮ್ಮ ವಿಭಾಗದವನೇ. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಆದರೆ ಅವನು ನನ್ನನ್ನು ನೋಡಿದ್ದೇ ಒಂದು ಕೈಯಿಂದ ಸೊಂಟ ಒತ್ತಿಕೊಳ್ಳುತ್ತ, "ಅಕ್ಕಾರ, ನೀವ ಹೋಗ್ರಿ ಮಾರಾಯ್ತಿ. ನಿನ್ನೆ ಈ ಹುಟ್ಟು ಹಿಡ್ದು ಬಗ್ಗಿ ಬಗ್ಗಿ ನಡಾ ಹಿಡ್ದೈತಿ. ನನಗ ಇದು ಭಾಳ ಗಿಡ್ಡ ಆಗಾಕತ್ತೈತ್ರಿ" ಎಂದ.

ಕೇಳಿದಿರಾ? ನನಗೆ ಉದ್ದ, ಅವನಿಗೆ ಗಿಡ್ಡ. ಹಾಗಾದರೆ ಅದು ಯಾರ ಅಳತೆ? ಕ್ಯಾಮೆರಾದ ಅಳತೆ. ನಾನು ಅವನ ಕೈಯಿಂದ ಹುಟ್ಟು ಇಸಿದುಕೊಂಡು, ಚಾಕು ತೆಗೆದು, ಟೇಪನ್ನು ಒಂದೇ ಏಟಿಗೆ ಸೀಳಿದೆ. ನಾಗೇಂದ್ರ ಓಡಿ ಬಂದ. "ಮೇಡಂ, ಮೇಡಂ, ಫೋಟೋ!" ಎಂದ. "ಫೋಟೋ ನಿಮ್ಮದು, ಹೆಗಲು ನಂದೈತ್ರೀ" ಎಂದೆ. ಕ್ಲಿಪ್ಪು ಎತ್ತಿ, ಹುಟ್ಟನ್ನು ತಲೆಯ ಮೇಲಿಟ್ಟು ಶಹನಾಜ್ ಕಲಿಸಿದಂತೆ ಮೊಳಕೈ ನೋಡಿಕೊಂಡು, ಒಳಗೆ ತಳ್ಳಿ ಒತ್ತಿದೆ. ದೋಣಿಗೆ ಇಳಿದು ಹಿಂತಿರುಗಿ ನೋಡಿದಾಗ ನನ್ನ ಚಾಕು ಬಸವರಾಜನ ಕೈಯಿಂದ ಪಕ್ಕದವರಿಗೆ, ಅಲ್ಲಿಂದ ಅದರಾಚೆಯವರಿಗೆ ಹೋಗುತ್ತಿತ್ತು, ಹುಟ್ಟುಗಳ ಆ ಬೇಲಿಯ ತುದಿಗಳು ಮೇಲೆ ಕೆಳಗೆ ಆಗುತ್ತಿದ್ದವು. ಗೆದ್ದಿರಾ ಎಂದು ಕೇಳುತ್ತೀರಿ. ಇಲ್ಲ, ಮೂರನೆಯವಳಾದೆ. ದೋಣಿಯ ಮೂಗು ಮಾತ್ರ ಒಮ್ಮೆಯೂ ಅಡ್ಡ ತಿರುಗಲಿಲ್ಲ.

ಮನೆಗೆ ಬರುವಷ್ಟರಲ್ಲಿ ಹೆಗಲು ಹಗುರವಾಗಿತ್ತು, ಸಿಟ್ಟು ಮಾತ್ರ ಹಗುರವಾಗಿರಲಿಲ್ಲ. ಚಾಕುವಿನ ಅಂಟನ್ನು ಸೀಮೆಎಣ್ಣೆ ಹಾಕಿ ತಿಕ್ಕುತ್ತ ಕಟ್ಟೆಯನ್ನು ನೋಡಿದೆ, ಕೆಳಗಿದ್ದ ಮಣೆಯನ್ನು ನೋಡಿದೆ. ಮುಂದಿನ ಭಾನುವಾರ ಒಲೆ ಇಡಲೊಂದು ಮೇಜು ಕೊಳ್ಳಲು ಬೇಗಂ ಬಜಾರಿಗೆ ಹೋಗಿ, ಒಂದೊಂದು ಮೇಜಿನ ಮುಂದೂ ಸೌಟು ತಿರುವುವವಳಂತೆ ಕೈಯಾಡಿಸಿ, ಅಂಗಡಿಯವನು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದರೂ ಬಿಡದೆ, ನನ್ನ ಮೊಳಕೈಗೆ ಸರಿಯಾದದ್ದನ್ನು ಆರಿಸಿ ತಂದೆ. ಗ್ಯಾಸಿನ ಒಲೆಯನ್ನು ಕಟ್ಟೆಯಿಂದ ಅದರ ಮೇಲಕ್ಕೆ ಇಳಿಸಿದೆ. ಮರುದಿನ ಬೆಳಿಗ್ಗೆ, ಬಾಲಾನಗರದ ಕಾರ್ಖಾನೆಗೆ ಹೊರಡುವ ಮುಂಚೆ ತಾವೇ ಚಹಾ ಕಾಸಿಕೊಳ್ಳುವ ರೂಢಿಯ ನಮ್ಮನೆಯವರು, ಆರಡಿಯ ಮನುಷ್ಯ, ಒಲೆಯ ಮುಂದೆ ಎರಡಾಗಿ ಬಗ್ಗಿ, "ಇದೇನ, ಭಾಳ ಕೆಳಗ ಆತಲ್ಲ? ನಡಾ ನೋಯ್ತೈತಿ" ಎಂದರು.

ನಾನು ಮಣೆಯನ್ನು ಕಾಲಿನಿಂದಲ್ಲ, ಕೈಯಿಂದಲೇ ಎತ್ತಿ ಅವರ ಮುಂದಿಟ್ಟೆ.

"ಕುಂದರ್‍ರಿ," ಎಂದೆ, "ಕೂಡಾಕಂತನ ನಮ್ಮವ್ವ ಕೊಟ್ಟಾಳ."