ಡ್ರೈಯರ್ ಕೋಣೆಯ ಮಾಸ್ಟರ್

ಕಳೆದ ವಾರ ನನ್ನ ಮಗ ಯಾವುದೋ ಹೊಸ ಫ್ಯಾಕ್ಟರಿಯ ಟೀ ಪುಡಿ ತಂದಿದ್ದ. ಪೊಟ್ಟಣ ಕತ್ತರಿಸಿ ಡಬ್ಬಿಗೆ ಸುರಿಯುವಾಗ ಸೀದ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಗೊತ್ತಾಗದೇ ಇರಬಹುದು. ಬಾಳಿನ ಹೆಚ್ಚು ಪಾಲನ್ನು ಟೀ ಫ್ಯಾಕ್ಟರಿಯಲ್ಲಿ ಎಲೆ ಒಣಗಿಸುವ ಡ್ರೈಯರ್ ಮುಂದೆ ಕಳೆದ ನನಗೆ ಗೊತ್ತಾಗುತ್ತದೆ. ಯಾರೋ ಅವಸರಪಟ್ಟು ಒಲೆಗೆ ಸೌದೆ ತುರುಕಿದ್ದಾರೆ. ಎಲೆಯ ಮೈ ಸುಟ್ಟಿದೆ, ಹೊಟ್ಟೆ ಒಣಗಿಲ್ಲ. ಆ ವಾಸನೆಯ ಹಿಂದೆಯೇ ನೆನಪಿನಲ್ಲಿ ಮಾಸ್ಟರ್ ಬಂದು ನಿಂತರು... ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ, ಊಟಿಯ ಡಿಸೆಂಬರ್ ಚಳಿಯಲ್ಲೂ ಬರಿಯ ಮೊಣಕಾಲು.

ಅವರು ಮಸಿನಗುಡಿಯವರು. ನಮ್ಮ ಹಾಗೆಯೇ ಹಿಂದೆ ಎಂದೋ ಮೈಸೂರು ಸೀಮೆಯಿಂದ ಬಂದು ನೆಲೆಸಿದ ಕನ್ನಡದ ಮನೆತನ. ಸೈನ್ಯದಲ್ಲಿ ಜವಾನರಿಗೆ ಕಸರತ್ತು ಕಲಿಸುತ್ತಿದ್ದರು. ಕೊನೆಯ ವರ್ಷಗಳನ್ನು ಊಟಿಯ ಕೆಳಗಿನ ವೆಲ್ಲಿಂಗ್ಟನ್ ದಂಡಿನಲ್ಲಿ ಕಳೆದು, ಪೆನ್ಷನ್ ತೆಗೆದುಕೊಂಡು ಹೊರಬಂದಾಗ ಊಟಿಯ ಒಂದು ಕಾಲೇಜು ತನ್ನ ಫುಟ್‌ಬಾಲ್ ತಂಡಕ್ಕೆ ಅವರನ್ನು ಕರೆಯಿತು. ಅದು ತೊಂಬತ್ತರ ದಶಕದ ನಡುವಿನ ಮಾತು. ಆಟ ಕಲಿಸಲು ಬೇರೆ ಕೋಚ್ ಇದ್ದರು. ಇವರ ಪಾಲಿಗೆ ಬಂದದ್ದು ಹುಡುಗರ ಕಾಲು, ಸೊಂಟ, ಉಸಿರು. ಅಂಥದ್ದೊಂದು ಕೆಲಸ ಇರುತ್ತದೆ ಎಂದೇ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ‘ಚೆಂಡು ಮುಟ್ಟದ ಕೋಚ್’ ಎಂದು ಜನ ನಗುತ್ತಿದ್ದರು. ಅವರೂ ಜೊತೆಗೆ ನಗುತ್ತಿದ್ದರು. ತಮ್ಮ ಮೀನಖಂಡಗಳ ಮೇಲೆ ಅವರಿಗೆ ಬಹಳ ಅಭಿಮಾನ. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಕೆಣಕಿದರೆ ಕಾಲು ಮುಂದೆ ಚಾಚಿ, "ಮುಟ್ಟಿ ನೋಡ್ರಯ್ಯ, ಸರ್ಕಾರ ಸಾಕಿದ ಮಾಲು ಇದು" ಎನ್ನುತ್ತಿದ್ದರು.

ನಮ್ಮ ಫ್ಯಾಕ್ಟರಿಗೆ ಅವರು ಮೊದಲು ಬಂದದ್ದು ಗುಜರಿ ಕೇಳಿಕೊಂಡು. ಎಲೆ ಅರೆಯುವ ರೋಲರುಗಳಲ್ಲಿ ಹಲ್ಲಿರುವ ಉಕ್ಕಿನ ಬಿಲ್ಲೆಗಳಿರುತ್ತವೆ. ಹಲ್ಲು ಪೂರ್ತಿ ಸವೆದ ಮೇಲೆ ಅವು ಹಿತ್ತಲಿನಲ್ಲಿ ತುಕ್ಕು ಹಿಡಿಯುತ್ತಾ ಬಿದ್ದಿರುತ್ತವೆ. ಭಾರ ಎತ್ತುವ ಸಾಮಾನು ಕೊಳ್ಳಲು ಕಾಲೇಜು ಒಪ್ಪಿರಲಿಲ್ಲ. ನಮ್ಮ ಮಾಲೀಕರಿಗೆ ಫುಟ್‌ಬಾಲ್ ಹುಚ್ಚು, ಬೇಕಾದಷ್ಟು ಒಯ್ಯಿರಿ ಎಂದರು. ಮಾಸ್ಟರ್ ಆ ಬಿಲ್ಲೆಗಳನ್ನು ಕಬ್ಬಿಣದ ಪೈಪಿಗೆ ಪೋಣಿಸಿ, ಹುಡುಗರ ಹೆಗಲ ಮೇಲಿಟ್ಟು, ಕೂತೇಳಿಸಿದರು. ನಾನು ಹೋಗಿ ನೋಡುತ್ತಿದ್ದೆ. ಆ ಹುಡುಗರಲ್ಲಿ ನನ್ನ ಮಗನೂ ಇದ್ದ.

ನಮ್ಮ ತಂಡಕ್ಕೆ ಒಂದೇ ಒಂದು ಕೊರತೆ. ಬೆಟ್ಟದ ಮೇಲೆ ಯಾರನ್ನು ಬೇಕಾದರೂ ಸೋಲಿಸುತ್ತಿದ್ದರು. ಪಂದ್ಯಕ್ಕೆಂದು ಕೊಯಮತ್ತೂರಿಗೆ ಇಳಿದರೆ ಮುಗಿಯಿತು. ಮಂಜಿನಲ್ಲಿ ಬೆಳೆದ ಮೈ, ಕೆಳಗಿನ ಬಿಸಿಲನ್ನು ತಡೆಯುತ್ತಿರಲಿಲ್ಲ. ಅರ್ಧ ಆಟ ಮುಗಿದ ಮೇಲೆ ಒಬ್ಬೊಬ್ಬರಾಗಿ ಹುಲ್ಲಿನ ಮೇಲೆ ಕೂತುಬಿಡುತ್ತಿದ್ದರು. ಊಟಿ ಕ್ಯಾರೆಟ್ ಬಾಡಿಹೋಯಿತು ಎಂದು ಅಲ್ಲಿನವರು ತಮಿಳಿನಲ್ಲಿ ಕೂಗುತ್ತಿದ್ದರು: "ಊಟಿ ಕ್ಯಾರಟ್ ವಾಡಿಪೋಚ್ಚು!" ಆ ಕೂಗು ಬಸ್ಸಿನ ತನಕ ಬೆನ್ನು ಹತ್ತುತ್ತಿತ್ತು.

ಒಂದು ಸಂಜೆ ಮಾಸ್ಟರ್ ಡ್ರೈಯರ್ ಕೋಣೆಯ ಬಾಗಿಲಲ್ಲಿ ನಿಂತು ಒಳಗಿನ ಕಾವಿಗೆ ಮುಖ ಒಡ್ಡಿದರು.

"ಅಣ್ಣ, ಕೊಯಮತ್ತೂರು ಇಲ್ಲೇ ಐತಲ್ಲ!"

"ಇಲ್ಲಿ ನಾವೇ ಬೇಯ್ತಾ ಇದೀವಿ ಮಾಸ್ಟ್ರೇ, ಇನ್ನು ಹುಡುಗ್ರನ್ನೂ ಬೇಯಿಸ್ತೀರಾ?"

"ಬೇಯ್ಸಕ್ಕಲ್ಲ ಕಣಣ್ಣ, ಹದ ಮಾಡಕ್ಕೆ. ನೀವು ಎಲೇನ ಹೆಂಗೆ ಒಣಗಿಸ್ತೀರ, ಅದನ್ನ ಹೇಳಿ."

ನಾನು ಹೇಳಿದೆ. ಒಮ್ಮೆಗೇ ಬೆಂಕಿ ಕೊಟ್ಟರೆ ಹೊರಗೆ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ, ಆಮೇಲೆ ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ. ಕಾವು ಹದವಾಗಿರಬೇಕು, ಎಲೆಗೆ ಸಮಯ ಕೊಡಬೇಕು. ಅವರು ತಲೆದೂಗುತ್ತಾ ಕೇಳಿದರು. ಮೈಯನ್ನು ಬಿಸಿಲಿಗೆ ಒಗ್ಗಿಸುವುದನ್ನು ಸೈನ್ಯ ಅವರಿಗೆ ಮೊದಲೇ ಕಲಿಸಿತ್ತು. ಆದರೂ ನನ್ನ ಕೆಲಸದ ಮಾತನ್ನು ಯಾರೂ ಅಷ್ಟು ಕಿವಿಗೊಟ್ಟು ಕೇಳಿರಲಿಲ್ಲ.

ಕೊನೆಯ ಎಲೆ ಇಳಿದು, ಒಲೆ ಆರುತ್ತಾ ಬರುವ ಹೊತ್ತಿಗೆ ಹುಡುಗರು ಬರುತ್ತಿದ್ದರು. ಮೊದಲು ಬರಿಯ ನಡಿಗೆ, ಎಲ್ಲ ಕಿಟಕಿ ತೆರೆದು. ಆಮೇಲೆ ನಿಂತಲ್ಲೇ ಓಟ. ಆಮೇಲೆ ಹಗ್ಗ. ವಾರಗಳು ಕಳೆದಂತೆ ಮಾಸ್ಟರ್ ಒಂದೊಂದೇ ಕಿಟಕಿ ಮುಚ್ಚುತ್ತಾ ಬಂದರು. ಒಲೆಯ ಪಕ್ಕದ ಎರಡನ್ನು ಮಾತ್ರ ಎಂದೂ ಮುಚ್ಚಲಿಲ್ಲ. ನಡುನಡುವೆ ಹೊರಗೆ ಕರೆದು ಉಪ್ಪು ಹಾಕಿದ ಮಜ್ಜಿಗೆ ಕುಡಿಸುತ್ತಿದ್ದರು, ಒಬ್ಬೊಬ್ಬನ ಕಣ್ಣು ನೋಡುತ್ತಿದ್ದರು. "ಮಾಸ್ಟರ್, ಕೊನೆಗೆ ನಾವು ಡಸ್ಟ್ ಟೀ ಆಗ್ತೀವೋ, ಲೀಫ್ ಟೀ ಆಗ್ತೀವೋ?" ಎಂದು ಗೋಲ್ ಕೀಪರ್ ಒಮ್ಮೆ ಕೇಳಿದ. "ನಿನ್ನ ಓಟ ನೋಡಿದ್ರೆ ಜರಡೀಲಿ ಉಳಿಯೋ ಕಡ್ಡಿ ಆಗ್ತೀಯ, ಓಡು" ಎಂದರು. ಕೋಣೆ ತುಂಬ ನಗು. ಆ ನಗುವಿನ ನಡುವೆ ಒಲೆ ಕಾಯುತ್ತಿದ್ದವನು ನಾನು ಎಂಬುದು ಇಂದಿಗೂ ನನಗೆ ಹೆಮ್ಮೆಯೇ...

ಆದರೆ ಅಲ್ಲಿಗೇ ನಿಲ್ಲಿಸಿದರೆ ಈ ಬರಹ ಸುಳ್ಳಾಗುತ್ತದೆ.

ನನ್ನ ಮಗ ಉಳಿದವರಷ್ಟು ಬೇಗ ಒಗ್ಗಲಿಲ್ಲ. ಮಾಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಇವನಿಗಿನ್ನೂ ಟೈಮ್ ಬೇಕಣ್ಣ. ಈ ಸಲ ಕೂರಿಸ್ತೀನಿ. ಬರೋ ವರ್ಷ ನೋಡಿ, ಕುದುರೆ ಆಗ್ತಾನೆ." ನಾನು ಆಗಲೇ ಮಗ ಕೊಯಮತ್ತೂರಿನಲ್ಲಿ ಆಡುತ್ತಾನೆಂದು ಫ್ಯಾಕ್ಟರಿಯಲ್ಲಿ, ನೆಂಟರಲ್ಲಿ, ಬಸ್ಸಿನ ಕಂಡಕ್ಟರನ ಹತ್ತಿರವೂ ಹೇಳಿ ಮುಗಿಸಿದ್ದೆ. ಮಾಸ್ಟರ್ ಮಾತು ನನಗೆ ಅವಮಾನದ ಹಾಗೆ ನಾಟಿತು.

ಮರುದಿನ ಸಂಜೆ ಒಬ್ಬ ಹುಡುಗನ ಕಾಲು ಉಳುಕಿತು. ಮಾಸ್ಟರ್ ಅವನನ್ನು ಆನಿಸಿಕೊಂಡು ಅಂಗಳದ ನಲ್ಲಿಗೆ ಹೋದರು. ಅಷ್ಟರಲ್ಲಿ ನಾನು ಒಲೆಗೆ ಒಣಗಿದ ನೀಲಗಿರಿ ಸೌದೆ ತುಂಬಿದೆ, ಪಕ್ಕದ ಆ ಎರಡು ಕಿಟಕಿಗಳನ್ನೂ ಮುಚ್ಚಿದೆ. ಹುಡುಗರು ನನ್ನ ಮುಖ ನೋಡಿದರು. "ಮಾಸ್ಟ್ರು ಹೇಳವ್ರೆ, ನಿಲ್ಲಿಸ್ಬೇಡಿ" ಎಂದೆ. ಮಗನ ಹತ್ತಿರ ಹೋಗಿ, ಇನ್ನು ಸ್ವಲ್ಪ ತಡೆದುಕೋ ಎಂದೆ. ಎಲೆಯ ವಿಷಯದಲ್ಲಿ ಎಂದೂ ಮಾಡದ ತಪ್ಪನ್ನು ಹೆತ್ತ ಮಗನ ವಿಷಯದಲ್ಲಿ ಮಾಡಿದೆ.

ಅವನು ಬಿದ್ದ. ಕಣ್ಣು ಮೇಲಾಗಿತ್ತು, ಕೈಕಾಲು ಅದುರುತ್ತಿದ್ದವು. ಮಾಸ್ಟರ್ ಓಡಿ ಬಂದು, ಕಿಟಕಿಗಳನ್ನು ಒದ್ದು ತೆರೆದು, ಅವನನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ಚಳಿಗೆ ಹಾರಿದರು. ತಣ್ಣೀರು ಸುರಿದು, ಮಾಲೀಕರ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ಮಗ ಬದುಕಿದ. ಬದುಕಿದ್ದು ಅವರಿಂದ.

ಮರುದಿನ ನಮ್ಮಿಬ್ಬರನ್ನೂ ಕಾಲೇಜಿಗೆ ಕರೆಸಿದರು, ಪ್ರಿನ್ಸಿಪಾಲರ ಕೋಣೆಯಲ್ಲಿ ನನ್ನ ಮಾಲೀಕರೂ ಕೂತಿದ್ದರು. ಬೆಂಕಿ ಹೆಚ್ಚಿಸಲು ಹೇಳಿದವರು ಯಾರು ಎಂದು ಪ್ರಿನ್ಸಿಪಾಲರು ನನ್ನನ್ನು ಕೇಳಿದರು. ಕೆಲಸ ಹೋಗುತ್ತದೆಂಬ ಭಯ, ಹೆಂಡತಿಗೆ ಏನು ಹೇಳಲೆಂಬ ಭಯ... "ಮಾಸ್ಟರ್" ಎಂದೆ. ಒಂದೇ ಶಬ್ದ. ಮಾಸ್ಟರ್ ತಿರುಗಿ ನನ್ನನ್ನು ನೋಡಿದರು. ಮುಚ್ಚಿದ ಕಿಟಕಿಗಳನ್ನು ಕಣ್ಣಾರೆ ಕಂಡಿದ್ದವರು. ಕೂಗಾಡುತ್ತಾರೆ ಎಂದುಕೊಂಡೆ. ಅವರು ಪರೇಡಿನಲ್ಲಿ ನಿಂತ ಹಾಗೆ ನೆಟ್ಟಗೆ ನಿಂತು, "ಹುಡುಗರ ಜವಾಬ್ದಾರಿ ನಂದು ಸರ್. ನಾನು ಆಚೆ ಹೋಗಬಾರದಿತ್ತು" ಎಂದರು. ಆ ದಿನವೇ ಅವರನ್ನು ಕೆಲಸದಿಂದ ತೆಗೆದರು. ನಾನು ಕಿಟಕಿ ಮುಚ್ಚಿದ್ದನ್ನು ಇಡೀ ತಂಡ ನೋಡಿತ್ತು. ಒಬ್ಬ ಹುಡುಗನೂ ಬಾಯಿ ಬಿಡಲಿಲ್ಲ. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ತಂಡ ಮಾಸ್ಟರ್ ಇಲ್ಲದೆ ಕೊಯಮತ್ತೂರಿಗೆ ಇಳಿಯಿತು. ನಾನೂ ಹೋದೆ. ಮಗ ಗೆರೆಯಾಚೆ ನೀರಿನ ಕ್ಯಾನು ಹಿಡಿದು ನಿಂತಿದ್ದ. ಅರ್ಧ ಆಟ ಮುಗಿಯಿತು. ಬಿಸಿಲು ನೆತ್ತಿಯ ಮೇಲಿತ್ತು. ಕ್ಯಾರೆಟ್ ಎಂದು ಕೂಗುವವರು ಸಜ್ಜಾಗಿ ಕೂತಿದ್ದರು. ಕೂಗಲು ಅವರಿಗೆ ಏನೂ ಸಿಗಲಿಲ್ಲ. ಆಟ ಮುಗಿಯುತ್ತಾ ಬಂದಂತೆ ಮೊಣಕಾಲ ಮೇಲೆ ಕೈಯಿಟ್ಟು ಏದುಸಿರು ಬಿಟ್ಟವರು ಕೆಳಗಿನ ಹುಡುಗರು. ನಮ್ಮವರು ಆಗ ತಾನೇ ಮೈದಾನಕ್ಕೆ ಇಳಿದವರ ಹಾಗೆ ಓಡುತ್ತಿದ್ದರು. ಅಲ್ಲಿ ನಮ್ಮ ಕಾಲೇಜು ಗೆದ್ದ ಮೊದಲ ಪಂದ್ಯ ಅದು. ಮುಂದಿನದರಲ್ಲಿ ಸೋತರು, ಆದರೆ ನಿಂತುಕೊಂಡೇ ಸೋತರು. ನಾನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಹಿಂತಿರುಗಿದವನೇ ಮಾಸ್ಟರ್ ಬಾಡಿಗೆಗಿದ್ದ ಕೋಣೆಗೆ ಹೋದೆ. ಟ್ರಂಕಿಗೆ ಬಟ್ಟೆ ತುಂಬುತ್ತಿದ್ದರು. ಗೆದ್ದರಾ ಎಂದು ಕೇಳಲಿಲ್ಲ.

"ಯಾರಾದ್ರೂ ಕೂತ್ರಾ ಅಣ್ಣ?"

"ಇಲ್ಲ ಮಾಸ್ಟ್ರೇ. ಒಬ್ಬನೂ ಕೂರ್ಲಿಲ್ಲ."

ತೊಡೆ ತಟ್ಟಿ ಕೋಣೆ ನಡುಗುವ ಹಾಗೆ ನಕ್ಕರು. ನಾನು ತಪ್ಪು ಒಪ್ಪಿಕೊಳ್ಳಬೇಕೆಂದು ಬಾಯಿ ತೆರೆದೆ. ಅವರು ತಡೆದು, "ನಿಮ್ಮ ಹುಡುಗನ ಓಟ ಬಿಡಿಸ್ಬೇಡಿ. ಮೊದ್ಲಿಂದ, ನಿಧಾನಕ್ಕೆ ಶುರು ಮಾಡ್ಸಿ" ಎಂದರು. ಅವರ ಟ್ರಂಕು ಹೊತ್ತು ಬಸ್ಸಿಗೆ ಹಾಕಿ ಬಂದೆ, ಅಷ್ಟೇ.

ಅವರ ಕೆಲಸವೇನೂ ಅಲ್ಲಿಗೆ ಮುಗಿಯಲಿಲ್ಲ. ಗೂಡಲೂರಿನ ಒಂದು ಶಾಲೆಯಲ್ಲಿ ಕೆಲವು ವರ್ಷ ಮಕ್ಕಳನ್ನು ಓಡಿಸಿದರು. ಆಮೇಲೆ, ಅಂದು ನಮ್ಮೆದುರು ಏದುಸಿರು ಬಿಟ್ಟ ಆ ಕೊಯಮತ್ತೂರಿನ ಕಾಲೇಜೇ ಅವರನ್ನು ಹುಡುಕಿಕೊಂಡು ಬಂತು. ಅಲ್ಲಿ ಅವರಿಗೆ ನಿಜವಾದ ಭಾರಗಳಿದ್ದ ಕೋಣೆ ಕೊಟ್ಟರು. ಮೂಲೆಯಲ್ಲಿ ನಮ್ಮ ಫ್ಯಾಕ್ಟರಿಯ ಸವೆದ ಬಿಲ್ಲೆಯೊಂದನ್ನು ಇಟ್ಟುಕೊಂಡಿದ್ದರಂತೆ. ಹೇಳಿದವನು ನನ್ನ ಮಗ. ಅವರ ಹತ್ತಿರವೇ ಹೋಗಿ ಆ ಕೆಲಸ ಕಲಿತು, ಈಗ ಬೆಟ್ಟದ ಮೇಲೊಂದು ಶಾಲೆಯಲ್ಲಿ ಮಕ್ಕಳ ಕಾಲು, ಉಸಿರು ನೋಡಿಕೊಳ್ಳುತ್ತಿದ್ದಾನೆ.

ಮಾಸ್ಟರ್ ತೀರಿಕೊಂಡಾಗ ಮಸಿನಗುಡಿಗೆ ಹೋಗಿದ್ದೆ. ಅವರ ಕೈಯಲ್ಲಿ ಪಳಗಿದವರು ಎಲ್ಲೆಲ್ಲಿಂದಲೋ ಬಂದಿದ್ದರು, ಪೊಲೀಸಿನವರು, ಸೈನ್ಯದವರು, ನಡುವಯಸ್ಸಿನ ಗಟ್ಟಿ ಗಂಡಸರು. ಸ್ಮಶಾನದ ದಾರಿ ಕಲ್ಲಿನ ಏರು. ಹೊತ್ತವರು ಒಮ್ಮೆಯೂ ಇಳಿಸಲಿಲ್ಲ, ಹೆಗಲು ಬದಲಿಸಲಿಲ್ಲ. ಒಬ್ಬ ಮನುಷ್ಯನ ಜೀವಮಾನದ ಕೆಲಸ ಕಣ್ಣ ಮುಂದೆ ನಡೆದು ಹೋಗುತ್ತಿತ್ತು. ನಾನು ಹಿಂದೆ ಹಿಂದೆ ನಡೆದೆ. ಹೆಗಲು ಕೊಡುವ ಧೈರ್ಯ ಬರಲಿಲ್ಲ...

ಕಳೆದ ವಾರ ಆ ಸೀದ ಟೀ ಡಬ್ಬಿಯ ಮುಂದೆ ಮಗನಿಗೆ ಹೇಳಿಬಿಟ್ಟೆ. "ಅವತ್ತು ಮಾಸ್ಟ್ರು ಏನೂ ಹೇಳಿರ್ಲಿಲ್ಲ ಕಣೋ. ಎಲ್ಲಾ ನಾನೇ ಮಾಡಿದ್ದು."

"ನಾನು ಒಳಗೇ ಇದ್ನಲ್ಲಪ್ಪ" ಎಂದ, ಮೆಲ್ಲಗೆ. "ಆಸ್ಪತ್ರೇಲಿ ಮಾಸ್ಟರ್ ನನ್ನ ಮಂಚದ ಸುತ್ತ ಎಲ್ರನ್ನೂ ನಿಲ್ಲಿಸ್ಕೊಂಡು ಹೇಳಿದ್ರು. ಕಿಟಕಿ ಮಾತು ಯಾರೂ ಎತ್ತಬಾರ್ದು, ನಂಗೆ ಪೆನ್ಷನ್ ಬರುತ್ತೆ, ಡ್ರೈಯರ್ ಅಣ್ಣಂಗೆ ಏನು ಬರುತ್ತೆ ಅಂತ."

ಆಮೇಲೆ ಫ್ಯಾಕ್ಟರಿಯಲ್ಲಿ ನಾನು ಅನ್ನ ಉಂಡ ಅಷ್ಟೂ ವರ್ಷಗಳು ಅವರು ಬಿಟ್ಟುಕೊಟ್ಟವು. ಕೈ ಮುಗಿಯೋಣವೆಂದರೆ ಅವರಿಲ್ಲ.

ಶನಿವಾರಗಳಂದು ಮಗನ ಶಾಲೆಯ ಮೈದಾನಕ್ಕೆ ಹೋಗಿ ಕಲ್ಲಿನ ಕಟ್ಟೆಯ ಮೇಲೆ ಕೂರುತ್ತೇನೆ. ಅರ್ಧ ಆಟ ಮುಗಿದ ಮೇಲೆ ನನ್ನ ಕಣ್ಣು ಚೆಂಡನ್ನು ಬಿಟ್ಟು ಹುಡುಗರ ಕಾಲುಗಳ ಕಡೆ ಹೋಗುತ್ತದೆ. ಒಬ್ಬೊಬ್ಬರನ್ನೂ ಕೊನೆಯ ಸೀಟಿಯ ತನಕ ನೋಡುತ್ತೇನೆ. ಇಲ್ಲ ಮಾಸ್ಟ್ರೇ, ಯಾರೂ ಕೂರುವುದಿಲ್ಲ. ಅದನ್ನು ಕೇಳುವವರು ನೀವೊಬ್ಬರೇ ಇದ್ದಿರಿ.