ಅಕ್ಕ ಬರೆದ ಗಾಲಿಕುರ್ಚಿ

ನನ್ನ ಅಕ್ಕನಿಗೆ ಎಳವೆಯಲ್ಲಿ ಬಂದ ಜ್ವರವೊಂದು ಇಳಿಯುವಾಗ ಎರಡೂ ಕಾಲುಗಳ ಬಲವನ್ನು ತೆಗೆದುಕೊಂಡು ಹೋಯಿತಂತೆ. ನಾನು ಕಂಡಂದಿನಿಂದ ಅವಳು ನೆಲದ ಮೇಲೆ ಕೈಯೂರಿ ಸರಿಯುತ್ತಲೇ ಇದ್ದಳು. ಧಾರವಾಡದ ನಮ್ಮ ಮನೆಗೆ ಬರುವ ಪುಸ್ತಕ, ಪತ್ರಿಕೆಗಳನ್ನೆಲ್ಲ ಮೊದಲು ಓದುವವಳು ಅವಳೇ. ನನಗೆ ಲೆಕ್ಕ ಕಲಿಸಿದವಳೂ ಅವಳೇ. ಆದರೆ ಬಚ್ಚಲಿಗೆ, ಹಿತ್ತಲಿಗೆ ಹೋಗಬೇಕೆಂದರೆ ಅವ್ವ ಎತ್ತಿಕೊಳ್ಳಬೇಕು. ಮನೆಯಿಂದ ಹೊರಗೆ ಹೋಗುವುದಂತೂ ಅಪರೂಪದ ಮಾತು.

ನಾನು ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಯಂತ್ರದ ಭಾಗಗಳ ನಕಾಶೆ ಬರೆಯುವ ಕೆಲಸಕ್ಕೆ ಸೇರಿದ್ದೆ. ಮುಂಜಾನೆಯ ರೈಲಿಗೆ ಹೋಗಿ ಸಂಜೆಯ ರೈಲಿಗೆ ಮರಳುತ್ತಿದ್ದೆ. ಒಂದು ಮಳೆಗಾಲದಲ್ಲಿ ಅಕ್ಕನನ್ನು ಎತ್ತಿಕೊಂಡು ಹೋಗುವಾಗ ಅವ್ವ ಹಿತ್ತಲಲ್ಲಿ ಜಾರಿ ಬಿದ್ದಳು. ಅಕ್ಕನಿಗೆ ಏನೂ ಆಗಲಿಲ್ಲ. ಅವ್ವನ ಸೊಂಟ ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ. ಆಮೇಲೆ ಅಕ್ಕ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ಅವ್ವ ಬಚ್ಚಲಿಗೆ ಎತ್ತಿಕೊಂಡು ಹೋಗುವುದು ಕಡಿಮೆಯಾಗಲೆಂದು ಹಾಗೆ ಮಾಡುತ್ತಿದ್ದಾಳೆಂದು ನನಗೆ ತಡವಾಗಿ ಹೊಳೆಯಿತು.

ಆಸ್ಪತ್ರೆಯೊಂದರಲ್ಲಿ ನಾನು ಗಾಲಿಕುರ್ಚಿ ನೋಡಿದ್ದೆ. ಅದನ್ನೇ ನೆನಪಿಟ್ಟುಕೊಂಡು, ರವಿವಾರವಿಡೀ ಕೂತು, ಎತ್ತರದ ಬೆನ್ನಿನ ಚೆಂದದ ಕುರ್ಚಿಯೊಂದರ ನಕಾಶೆ ಬರೆದು ಅಕ್ಕನ ಮುಂದೆ ಹಾಸಿದೆ. ಅಟ್ಟದ ಮೇಲಿನಿಂದ ಬಗ್ಗಿ ನೋಡಿದರೆ ಹೀಗೆ, ಎದುರು ನಿಂತರೆ ಹೀಗೆ, ಪಕ್ಕದಿಂದ ಹೀಗೆ ಎಂದು ಮೂರು ನೋಟಗಳನ್ನೂ ವಿವರಿಸಿದೆ.

"ಎಲ್ಲಾ ಛಲೋ ಅದ," ಅಂದಳು ಅಕ್ಕ. "ಆದ್ರ ಇದರಾಗ ನಾ ಎಲ್ಲಿದ್ದೀನಿ?"

ನನಗೆ ಅರ್ಥವಾಗಲಿಲ್ಲ.

"ನೆಲದ ಮ್ಯಾಲಿಂದ ಇಷ್ಟು ಎತ್ತರಕ್ಕ ನನ್ನ ಯಾರು ಕೂಡಸ್ತಾರೋ? ಮತ್ತ ಅವ್ವನೇ ನನ್ನ ಎತ್ತಬೇಕಲ್ಲ. ಒಲಿ ಮುಂದ ಹೋದ್ರ ಒಲಿ ನನ್ನ ಮೊಣಕಾಲಿನ ಕೆಳಗ ಇರ್ತದ. ಇದು ಕಾಲಿದ್ದವರ ಕುರ್ಚಿ ಆತು."

ಅವಳು ಹೇಳಿದ್ದು ನಿಜ. ಅಂದಿನ ಮನೆಗಳಲ್ಲಿ ಅಡಿಗೆ, ಊಟ, ಬೀಸುವುದು, ಕುಟ್ಟುವುದು ಎಲ್ಲವೂ ನೆಲದ ಮೇಲೆಯೇ ನಡೆಯುತ್ತಿತ್ತು. ಹಲಗೆ, ಪೆನ್ಸಿಲು, ಅಳತೆಪಟ್ಟಿಗಳನ್ನು ಅವಳ ಕೈಗೇ ಕೊಟ್ಟೆ.

ಆಮೇಲೆ ಅವಳು ಮನೆಯನ್ನೆಲ್ಲ ಅಳೆದಳು. ಬಾಗಿಲುಗಳ ಅಗಲ, ಹೊಸ್ತಿಲಿನ ಎತ್ತರ, ಬಚ್ಚಲಿನ ತಿರುವು, ಒಂದನ್ನೂ ಬಿಡಲಿಲ್ಲ. ಊಟದ ಮಣೆಗಳನ್ನು ಒಂದರ ಮೇಲೊಂದು ಪೇರಿಸಿ, ಕೈಯ ಬಲದಿಂದ ತಾನು ಎಷ್ಟು ಎತ್ತರಕ್ಕೆ ಏರಬಲ್ಲೆ ಎಂದು ನೋಡಿದಳು. ಒಂದು ಸಲ ಮಣೆಗಳೊಂದಿಗೆ ಉರುಳಿಬಿದ್ದು ನಕ್ಕಳು. ಹೀಗೆ ಕುರ್ಚಿ ತಗ್ಗಾಯಿತು. ಮುಂದಿನಿಂದ ಸರಿದು ಏರಲು ಅನುಕೂಲವಾಗಲೆಂದು, ನನ್ನ ನಕಾಶೆಯಲ್ಲಿ ಮುಂದಿದ್ದ ಸಣ್ಣ ಗಾಲಿ ಹಿಂದಕ್ಕೆ ಹೋಯಿತು. ಕೈಯಿಂದ ತಿರುಗಿಸುವ ದೊಡ್ಡ ಗಾಲಿಗಳು ಎರಡು ಪಕ್ಕಕ್ಕೆ ಬಂದವು. ಕುರ್ಚಿಯ ಮೇಲೆ ಕೂತ ಒಬ್ಬ ಹೆಂಗಸನ್ನೂ ತೆಳುವಾದ ಗೆರೆಯಲ್ಲಿ ಬರೆದಿದ್ದಳು. ಕಾರ್ಖಾನೆಯ ನಕಾಶೆಗಳಲ್ಲಿ ಮನುಷ್ಯರು ಇರುವುದಿಲ್ಲ. ಅವುಗಳನ್ನು ಯಾರಿಗಾಗಿ ಬರೆಯುತ್ತೇವೆಂದು ನಾನೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಕಚೇರಿಯಿಂದ ಬಂದ ಅಪ್ಪ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು.

"ಮನ್ಯಾಗ ಓಡಾಡ್ಲಿಕ್ಕೆ ಇಷ್ಟು ದೊಡ್ಡ ಗಾಲಿ ಯಾಕ ಬೇಕ?"

"ಓಣ್ಯಾಗ ಕಲ್ಲು ಭಾಳ ಅವ, ಅಪ್ಪಾ," ಅಂದಳು ಅಕ್ಕ.

ಅಪ್ಪ ಹಾಳೆಯನ್ನು ಅವಳ ಕೈಗೇ ಮರಳಿ ಕೊಟ್ಟರು. ಮಗಳು ಹೊರಗೆ ಹೋಗುವ ಮನಸ್ಸು ಮಾಡಿದ್ದಾಳೆಂದು ಅವರಿಗೆ ತಿಳಿದದ್ದು ಆಗಲೇ ಇರಬೇಕು. ಬೇಡ ಅನ್ನಲಿಲ್ಲ.

ಹಳೇ ಹುಬ್ಬಳ್ಳಿಯಲ್ಲಿ ಕುದುರೆ ಟಾಂಗಾಗಳನ್ನು ಮಾಡಿಕೊಡುವ ಒಬ್ಬ ಮುಸಲ್ಮಾನ ಸಾಹೇಬರಿದ್ದರು. ಕಟ್ಟಿಗೆಯ ಕೆಲಸ, ಕಬ್ಬಿಣದ ಕೆಲಸ ಎರಡೂ ಅವರ ಅಂಗಳದಲ್ಲೇ ಆಗುತ್ತಿತ್ತು. ನಕಾಶೆ ನೋಡಿ ಕೆಲಸ ಮಾಡಿದವರಲ್ಲ ಅವರು. ಅಕ್ಕನ ಹಾಳೆಯನ್ನು ಒಂದು ಗಾಲಿಯ ಮೇಲೆ ಹಾಸಿ, ಅದರ ಸುತ್ತ ತಾವೇ ತಿರುಗಾಡಿ ನೋಡಿದರು.

"ಈ ಚುಕ್ಕಿ ಗೆರಿ ಏನ್ರಿ, ರಾಯರ?"

"ಅದು ಕೆಳಗಿನ ಸಲಾಕಿ. ಅಲ್ಲೇ ಅದರಿ, ಈ ಕಡಿಂದ ಕಾಣಸೂದಿಲ್ಲ ಅಷ್ಟ."

"ಹಂಗೇನು? ಹಂಗಾರ ಹಿಂದಿನ ಗಾಲಿ ತಿರಗೂದೂ ಇದರಾಗ ಕಾಣವಲ್ದು. ತಿರಗಿದ್ರ ಅದು ದೊಡ್ಡ ಗಾಲಿಗಿ ಬಡೀತೈತಿ ಏನು, ಕೇಳ್ರಿ ನಿಮ್ಮ ಅಕ್ಕಾರನ್ನ." ಹೇಳುತ್ತಲೇ ಇದ್ದಿಲಿನಿಂದ ಅಂಚಿನಲ್ಲಿ ಒಂದು ಗುರುತು ಮಾಡಿದರು.

ಸಂಜೆ ಅಕ್ಕನಿಗೆ ಹಾಳೆ ಕೊಟ್ಟೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಇದ್ದಿಲಿನ ಗುರುತು ನೋಡಿ, "ಖರೇ ಅದ, ಬಡೀತದ," ಅಂದಳು. ಸಣ್ಣ ಗಾಲಿಯನ್ನು ಇನ್ನಷ್ಟು ಹಿಂದೆ ಸರಿಸಿ, ಅದು ತಿರುಗುವ ಬಗೆಯನ್ನೆಲ್ಲ ಚುಕ್ಕಿ ಗೆರೆಗಳಲ್ಲಿ ತೋರಿಸಿದಳು. ಮರುದಿನ ಸಾಹೇಬರು ಅದನ್ನು ನೋಡಿ ತಲೆಯಾಡಿಸಿದರು.

ಹೀಗೆ ಕೆಲವು ದಿನ ಆ ಹಾಳೆ ನನ್ನೊಂದಿಗೆ ರೈಲಿನಲ್ಲಿ ಓಡಾಡಿತು. ಒಬ್ಬರನ್ನೊಬ್ಬರು ಕಾಣದ ಇಬ್ಬರು ಗೆರೆಗಳಲ್ಲೇ ಮಾತಾಡುತ್ತಿದ್ದರು. ಅವಳು ಕಟ್ಟಿಗೆ ಎಂದಲ್ಲಿ ಅವರು ಕಬ್ಬಿಣದ ಪಟ್ಟಿ ತೋರಿಸಿದರು, ಅವಳು ಒಪ್ಪಿದಳು. ಟಾಂಗಾಕ್ಕೆ ಹಾಕುವಂಥ ಹಿತ್ತಾಳೆಯ ಹೂವೊಂದನ್ನು ಕೈಯೊರಗಿನ ಮೇಲೆ ಬರೆದು ಕಳಿಸಿದರು. ಅವಳು ಅದನ್ನು ಹೊಡೆದುಹಾಕಿದಳು. ಮರುದಿನ ಹೂವು ಸಣ್ಣದಾಗಿ ಬಂತು. ಅದನ್ನೂ ಹೊಡೆದುಹಾಕಿದಳು. ಕಾರ್ಖಾನೆಯಲ್ಲಿ ನನ್ನ ಹಾಳೆ ಕೆಳಗೆ ಕೆಲಸ ಮಾಡುವವರಿಗೆ ಹೋಗುತ್ತಿತ್ತೇ ಹೊರತು ಅವರ ಮಾತನ್ನು ಹೊತ್ತುಕೊಂಡು ಮರಳಿ ಬರುತ್ತಿರಲಿಲ್ಲ.

ದಸರೆ ಹತ್ತಿರ ಬಂದಾಗ ಸಾಹೇಬರು ತಾವೇ ಕುರ್ಚಿಯನ್ನು ರೈಲಿಗೆ ಹಾಕಿಕೊಂಡು ಧಾರವಾಡಕ್ಕೆ ಬಂದರು. ಪಡಸಾಲೆಯಲ್ಲಿ ಅಕ್ಕನನ್ನು ಕಂಡು, "ನಮಸ್ಕಾರ್ರಿ ಅಕ್ಕಾರ, ಗಾಲಿ ಬಡಿಯೂದಿಲ್ಲ, ತಿರಿವಿ ನೋಡ್ರಿ," ಅಂದರು. ಅಕ್ಕ ಬಗ್ಗಿ ನೋಡಿದಳು. ಕೂಡುವ ಹಲಗೆಯ ಅಡಿಯಲ್ಲಿ ಹಿತ್ತಾಳೆಯ ಹೂವು ಮಿಂಚುತ್ತಿತ್ತು.

"ಹೂವು ಬ್ಯಾಡ ಅಂದಿದ್ನಲ್ರಿ!"

"ಚುಕ್ಕಿ ಗೆರಿ ಒಳಗ ಹಾಕೇನ್ರಿ. ಅಲ್ಲೇ ಐತಿ, ಕಾಣಸೂದಿಲ್ಲ."

ಅಕ್ಕ ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಬೇರೆ ಜಾತಿಯವರ ಕೈಯಲ್ಲಿ ಆದ ವಸ್ತು ಅಡಿಗೆಮನೆಗೆ ಹೇಗೆ ಹೋಗಬೇಕೆಂದು ಅಪ್ಪ ಅನುಮಾನಿಸಿದರು. ಅವ್ವ ಒಂದು ತಂಬಿಗೆ ನೀರು ತಂದು ಗಾಲಿಗಳ ಮೇಲೆ ಸುರುವಿ, "ಆತಲ್ಲ, ಇನ್ನ ಹೋಗವಾ," ಅಂದಳು. ಅಕ್ಕ ಕೈಯೂರಿ ತಾನೇ ಏರಿ ಕೂತಳು. ಅಡಿಗೆಮನೆಗೆ ಹೋಗಲಿಲ್ಲ. ನೆಟ್ಟಗೆ ಬಚ್ಚಲಿಗೆ ಹೋಗಿ ಒಳಗಿನಿಂದ ಬಾಗಿಲು ಹಾಕಿಕೊಂಡಳು. ಹೊರಗೆ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ನಿಂತಿದ್ದಳು.

ಓಣಿಗೆ ಇಳಿಯುವ ದಿನ ಹೊಸ್ತಿಲಿಗೆ ಹಲಗೆ ಇಟ್ಟವರು ಅಪ್ಪ. ನೆರೆಯವರು ನೋಡುತ್ತಿರುವಾಗ ಅಪ್ಪ ಕುರ್ಚಿಯನ್ನು ಅವಳ ಕೈಗೇ ಬಿಟ್ಟು ಅದರ ಪಕ್ಕದಲ್ಲಿ ನಡೆದರು. ಮುಂದೆ ಅವಳು ಹತ್ತಿರದ ಹೆಣ್ಣುಮಕ್ಕಳ ಸಾಲೆಯಲ್ಲಿ ಲೆಕ್ಕ, ಚಿತ್ರ ಕಲಿಸಲು ಹೋಗತೊಡಗಿದಳು.

ಕೆಲವು ತಿಂಗಳ ಮೇಲೆ ಸಾಹೇಬರು ನನ್ನ ಕೈಯಲ್ಲಿ ಮಾತು ಕಳಿಸಿದರು. ಅವರ ಓಣಿಯ ಬಳೆಗಾರ್ತಿಯೊಬ್ಬಳಿಗೆ ಆಸ್ಪತ್ರೆಯಲ್ಲಿ ಕಾಲು ತೆಗೆದಿದ್ದರು. ಅದೇ ನಕಾಶೆಯಂತೆ ಆಕೆಗೂ ಒಂದು ಕುರ್ಚಿ ಮಾಡಲೇ ಎಂದು ಕೇಳಿದ್ದರು.

"ಅದು ನನ್ನ ಅಳತಿ," ಅಂದಳು ಅಕ್ಕ. "ಅಕಿದು ಹ್ಯಾಂಗ ಅದನೋ ಏನೋ. ನಾನ ಹೋಗಿ ನೋಡ್ತೀನಿ."

ಹಾಗೆ ಅವಳು ಮೊದಲ ಸಲ ಹುಬ್ಬಳ್ಳಿಗೆ ಬಂದಳು. ರೈಲು ಹತ್ತಿಸಲು ನಾನೂ ಒಬ್ಬ ಹಮಾಲನೂ ಬೇಕಾಯಿತು. ಹಳೇ ಹುಬ್ಬಳ್ಳಿಯಲ್ಲಿ ಬಳೆಗಾರ್ತಿಯ ಮನೆಯ ಸಂದಿಯಲ್ಲಿ ಕುರ್ಚಿ ಹಿಡಿಸಲಿಲ್ಲ. ಅಕ್ಕ ಕೆಳಗಿಳಿದು ಸರಿಯುತ್ತ ಒಳಗೆ ಹೋದಳು. ನಾನು ಬಾಗಿಲಲ್ಲಿ ನಿಂತು ನೋಡಿದಾಗ ಇಬ್ಬರೂ ನೆಲದ ಮೇಲೆ ಕೂತಿದ್ದರು. ಅಳತೆಪಟ್ಟಿಯ ಒಂದು ತುದಿ ಅಕ್ಕನ ಕೈಯಲ್ಲಿ, ಇನ್ನೊಂದು ಬಳೆಗಾರ್ತಿಯ ಕೈಯಲ್ಲಿ. "ಜಗ್ಗಿ ಹಿಡೀರಿ," ಅನ್ನುತ್ತಿದ್ದಳು ಅಕ್ಕ. "ಈಗ ಹೇಳ್ರಿ, ದಿನಾ ಮುಂಜಾನೆದ್ದು ನಿಮಗ ಮೊದಲ ಎಲ್ಲಿಗೆ ಹೋಗಬೇಕು ಅನಸ್ತದ?"