ಗೋಲ್‌ಕೀಪರ್ ಇಲ್ಲದೆ ಗೆದ್ದ ಪಂದ್ಯ

ದುರುಗಪ್ಪ ಮೊದಲ ಸಲ ಗೋಲಿಗೆ ನಿಂತದ್ದು ಆಸೆಪಟ್ಟು ಅಲ್ಲ. ದೇವದುರ್ಗದ ಹುಡುಗರು ಸೇರಿ ಹಾಕಿ ಆಟದ ಕ್ಲಬ್ ಕಟ್ಟಿದಾಗ ಅವನು ಊರಿಗೆ ಹೊಸಬ. ಗೂಗಲ್ ಎಂಬ ಹಳ್ಳಿಯ ಕುರಿ ಸಾಕುವ ಮನೆತನ ಬಿಟ್ಟು ಬಂದು ಗ್ರಿಲ್ ಅಂಗಡಿಯೊಂದರಲ್ಲಿ ವೆಲ್ಡಿಂಗ್ ಕಲಿಯುತ್ತಿದ್ದ. ಓಟದಲ್ಲಿ ನಿಧಾನ, ಮೈ ಮಾತ್ರ ಗಟ್ಟಿ. “ಇವನ್ನ ಗೋಲಿನ್ಯಾಗ ನಿಲ್ಸ್ರಿ, ಚೆಂಡು ಬಡದರೂ ಅಳಂಗಿಲ್ಲ” ಎಂದು ಯಾರೋ ನಕ್ಕರು. ನಿಂತ. ಹದಿನಾರು ವರ್ಷ ಅಲ್ಲೇ ನಿಂತ.

ಅಷ್ಟರಲ್ಲಿ ಮದುವೆಯಾಯಿತು, ಸ್ವಂತ ಅಂಗಡಿಯಾಯಿತು, ಎಡಗೈಯ ಎರಡು ಬೆರಳು ಸೊಟ್ಟಗಾದವು. ಬೆಳಿಗ್ಗೆ ಎದ್ದ ಕೂಡಲೇ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಕ್ಲಬ್ಬಿನಲ್ಲಿ ಅವನ ವಾರಿಗೆಯವರೆಲ್ಲ ಬಿಟ್ಟುಹೋಗಿ, ಚಿಕ್ಕವರು ಅವನನ್ನು ಕಾಕಾ ಎಂದು ಕರೆಯತೊಡಗಿದರು. ಹಿಂದಿನ ಸಾಲಿನಲ್ಲಿ ಆಡುವ ಮೌನೇಶನಿಗೆ ಸ್ಟಿಕ್ ಹಿಡಿಯಲು ಕಲಿಸಿದವನೇ ಅವನು. ಕ್ಯಾಪ್ಟನ್ ಬಸವಪ್ರಸಾದ ಅಕ್ಕಿ ಮಿಲ್ಲಿನವರ ಮಗ. ಆಟ ಚೆನ್ನಾಗಿ ಬಲ್ಲವನು, ಸೋಲನ್ನು ಸಹಿಸದವನು.

ಹದಿನಾರನೆಯ ವರ್ಷ ತಂಡ ಮೊದಲ ಬಾರಿಗೆ ರಾಯಚೂರಿನ ಟೂರ್ನಿಯಲ್ಲಿ ಫೈನಲ್ ತಲುಪಿತು. ಎದುರಿಗೆ ರಾಯಚೂರು ನಗರದ ಕ್ಲಬ್ಬು. ದುರುಗಪ್ಪನ ಹೆಂಡತಿ ಮಾರೆಮ್ಮ ಎಂದೂ ಪಂದ್ಯ ನೋಡಿದವಳಲ್ಲ. ಅಂದು ಬಂದು ಮೈದಾನದ ಮೆಟ್ಟಿಲ ಮೇಲೆ ಕುಳಿತಿದ್ದಳು.

ರಾಯಚೂರಿನವರ ಮೊದಲ ಗೋಲು ಬಸವಪ್ರಸಾದ ಚೆಂಡು ಕಳೆದುಕೊಂಡಿದ್ದರಿಂದ ಆಯಿತು. ಎರಡನೆಯದು ಮೌನೇಶನ ಸ್ಟಿಕ್ಕಿಗೆ ತಗುಲಿ ದಿಕ್ಕು ಬದಲಿಸಿ ಒಳಗೆ ಹೋಯಿತು. ಮೂರನೆಯದು ಮಾತ್ರ ದುರುಗಪ್ಪನ ತಪ್ಪು. ಎದುರಾಳಿ ರಾಹಿಲ್ ಮೆಲ್ಲಗೆ ತಳ್ಳಿದ ಚೆಂಡು ಅವನ ಎರಡು ಕಾಲುಗಳ ನಡುವೆ ಹಾದುಹೋಯಿತು. “ಕಾಕಾ, ದರವಾಜಾ ಮುಚ್ರಿ” ಎಂದು ಮೆಟ್ಟಿಲಿನಿಂದ ಒಬ್ಬ ಕೂಗಿದ. ಜನ ನಕ್ಕರು.

ಕೊನೆಯ ಕ್ವಾರ್ಟರ್ ಶುರುವಾಗುವ ಮುನ್ನ ಬಸವಪ್ರಸಾದ ಅವನ ಹತ್ತಿರ ಬಂದ.

“ಕಾಕಾ, ಹೊರಗ ಬರ್ರಿ.”

“ಕಾಲಿಗೇನೂ ಆಗಿಲ್ಲ, ನಿಲ್ತೀನಿ.”

“ಕಾಲಿನ ಮಾತಲ್ಲ. ನಿಮ್ಮ ಬದಲಿ ಓಡೋನು ಒಬ್ಬ ಬೇಕು.”

“ಗೋಲಿನ್ಯಾಗ ಯಾರು?”

“ಯಾರೂ ಬ್ಯಾಡ. ನೀವಿದ್ದಾಗಾ ಮೂರು ಆಗ್ಯಾವ. ನೀವಿಲ್ದಿದ್ರ ಇನ್ನೆಷ್ಟಾಗ್ತಾವ?”

ಉಳಿದವರು ಬೇರೆ ಕಡೆ ನೋಡಿದರು. ಮೌನೇಶ ಮಾತ್ರ ನಗು ತಡೆಯಲಾರದೆ ತಲೆ ತಗ್ಗಿಸಿದ.

ದುರುಗಪ್ಪ ಪ್ಯಾಡ್ ಬಿಚ್ಚದೆಯೇ ಬೆಂಚಿನ ತುದಿಯಲ್ಲಿ ಕುಳಿತ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ರಾಹಿಲ್ ಗೋಲಿನ ಮುಂದಿನ ವೃತ್ತದ ಅಂಚಿನಿಂದಲೇ ಖಾಲಿ ಗೋಲಿನತ್ತ ಚೆಂಡು ಬಾರಿಸಿದ. ಚೆಂಡು ಉರುಳುತ್ತ ಬರುವಾಗ ದುರುಗಪ್ಪನ ಬಾಯಿಂದ “ಹೋಗ್ಲಿ, ಒಳಗ ಹೋಗ್ಲಿ” ಎಂಬ ಮಾತು ಬಂತು. ತಾನೇ ಬೆಚ್ಚಿ, ಯಾರಾದರೂ ಕೇಳಿಸಿಕೊಂಡರೇನೋ ಎಂದು ಅತ್ತಿತ್ತ ನೋಡಿದ. ಚೆಂಡು ಕಂಬದ ಹೊರಗೆ ಹೋಯಿತು.

ಆಮೇಲೆ ಆದದ್ದನ್ನು ದೇವದುರ್ಗದವರು ಇವತ್ತಿಗೂ ಹೇಳುತ್ತಾರೆ. ಹೊಸದಾಗಿ ಒಳಬಂದ ಹುಡುಗ ಎಡಬದಿಯಿಂದ ನುಗ್ಗಿ ಒಂದು ಗೋಲು ಹೊಡೆದ. ರಾಯಚೂರಿನವರು ಸಾವರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು. ಪೆನಾಲ್ಟಿ ಕಾರ್ನರ್‌ನಲ್ಲಿ ಬಸವಪ್ರಸಾದ ಮೂರನೆಯದನ್ನು ಹಾಕಿ ಸಮ ಮಾಡಿದ. ಪಂದ್ಯ ಮುಗಿಯಲು ಬಂದಾಗ ನಾಲ್ಕನೆಯದೂ ಆಯಿತು. ಮೈದಾನವೆಲ್ಲ ಎದ್ದು ನಿಂತಿತು. ಮಾರೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಪ್ಪಾಳೆ ತಟ್ಟುತ್ತಿದ್ದಳು. ಅದು ದುರುಗಪ್ಪನಿಗೆ ಕಂಡಿತು.

ಅವನು ಹೆಲ್ಮೆಟ್ ಹಾಕಿಕೊಂಡು ಗೆರೆಯ ಹತ್ತಿರ ಹೋದ. “ಪ್ರಸಾದಪ್ಪಾ, ಈಗ ಮುಂದ ಅದೀವಿ. ನಾ ಗೋಲಿಗೆ ಬರ್ತೀನಿ.”

“ಕೂಡ್ರಿ ಕಾಕಾ. ಛಲೋ ನಡದದ, ಕೆಡಸಬ್ಯಾಡ್ರಿ” ಎಂದು ಬಸವಪ್ರಸಾದ ಓಡುತ್ತಲೇ ಹೇಳಿದ. ಹತ್ತಿರ ಕುಳಿತವರು ಮತ್ತೆ ನಕ್ಕರು.

ಕೊನೆಯ ಗಳಿಗೆಯಲ್ಲಿ ರಾಯಚೂರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಗೋಲಿನ ಗೆರೆಯ ಮೇಲೆ ನಿಂತವನು ಮೌನೇಶ. ರಾಹಿಲ್ ಹೊಡೆದ ಚೆಂಡು ಅವನ ಸ್ಟಿಕ್ಕಿಗೆ ತಗುಲಿ, ಚಿಮ್ಮಿ, ಬಾಯಿಗೆ ಬಡಿದು ಹೊರಗೆ ಹೋಯಿತು. ಪಂದ್ಯ ಮುಗಿದ ಸೀಟಿ ಕೂಗಿತು. ಮುರಿದ ಹಲ್ಲುಗಳನ್ನು ಅಂಗೈಯಲ್ಲಿ ಹಿಡಿದ ಮೌನೇಶನನ್ನು ಗೆಳೆಯರು ಹೆಗಲ ಮೇಲೆ ಹೊತ್ತು ಕುಣಿದರು.

ದುರುಗಪ್ಪ ಸುಮ್ಮನಿರಬಹುದಿತ್ತು. “ನಾ ಇದ್ದಿದ್ರ ಈ ಹುಡುಗನ ಹಲ್ಲು ಉಳೀತಿದ್ವು” ಎಂದ.

ಮೌನೇಶ ರಕ್ತದ ಬಟ್ಟೆಯನ್ನು ಬಾಯಿಂದ ಸರಿಸಿದ. “ಹಲ್ಲು ಉಳೀತಿದ್ವು ಕಾಕಾ. ಕಪ್ ಉಳೀತಿದ್ದಿಲ್ಲ.”

ಕುಣಿಯುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೈ ಕುಲುಕಲು ಬಂದ ರಾಹಿಲ್ ಒಳ್ಳೆಯ ಮನಸ್ಸಿನಿಂದಲೇ, “ಅಣ್ಣಾ, ನಿಮ್ಮನ್ನ ಹೊರಗ ತೆಗದದ್ದಾ ನಮಗ ಮುಳುವಾತು ನೋಡ್ರಿ” ಎಂದ. ಕಪ್ಪಿನ ಸುತ್ತ ಎಲ್ಲರೂ ನಿಂತಾಗ ಯಾರೋ ದುರುಗಪ್ಪನ ಕೈಗೆ ಮೊಬೈಲ್ ಕೊಟ್ಟು ಫೋಟೋ ತೆಗೆಯಲು ಹೇಳಿದರು. ತೆಗೆದುಕೊಟ್ಟ.

ಊರಿಗೆ ಮರಳುವ ಬಸ್ಸಿನಲ್ಲಿ ಮಾರೆಮ್ಮ ಕೇಳಿದಳು. “ಗೆದ್ದು ಬರಾಕತ್ತೀರಿ, ಮಾರಿ ಯಾಕ ಹಿಂಗ ಮಾಡ್ಕೊಂಡೀರಿ?”

“ಕೊನೀಗೆ ನಾ ಎಲ್ಲಿದ್ದೆ, ನೋಡಿದಿಲ್ಲ?”

“ಕುಂತಿದ್ರಿ. ಎಲ್ಲೆರ ಬಡಿಸ್ಕೊಂಡೀರಿ ಅಂತ ಅಂಜಿಕಿ ಇತ್ತು ನನಗ. ಕುಂತದ್ದು ನೋಡಿ ಜೀವ ತಣ್ಣಗಾತು.”

“ಚಪ್ಪಾಳಿ ಹೊಡ್ಯಾಕ ಬಂದಿದ್ದಿ, ಹೊಡದಿ. ಇನ್ನೊಮ್ಮಿ ಮೈದಾನದ ಕಡಿ ಕಾಲಿಡಬ್ಯಾಡ.”

ಅವಳು ಕಿಟಕಿಯತ್ತ ತಿರುಗಿದಳು. ಮತ್ತೆಂದೂ ಹೋಗಲಿಲ್ಲ.

ಊರಲ್ಲಿ ಅದೊಂದು ಗಾದೆಯೇ ಆಯಿತು. ಯಾವ ಕೆಲಸ ಕೈಗೂಡದಿದ್ದರೂ, “ಮೊದಲು ದುರುಗಪ್ಪನ್ನ ತೆಗೀರಿ, ತಾನಾ ನಡೀತದ” ಎನ್ನುವರು. ಹೋಟೆಲಿನಲ್ಲಿ ಅವನ ಎದುರಿಗೇ ಅನ್ನುವರು, ಚಹಾವನ್ನೂ ಅವರೇ ಕುಡಿಸುವರು. ಸಿಟ್ಟಾಗಲು ಅವನಿಗೆ ಎಡೆಯೇ ಇರಲಿಲ್ಲ.

ಮುಂದೆ ಅಭ್ಯಾಸ ಶುರುವಾದಾಗ ಅವನಿಗೆ ಬರಬೇಡ ಎಂದು ಯಾರೂ ಹೇಳಲಿಲ್ಲ. ಹೋಗಿ ನೋಡಿದರೆ ಅವನ ಪ್ಯಾಡ್‌ಗಳನ್ನು ಕಟ್ಟಿಕೊಂಡು ಗೌತಮ ಎಂಬ ಕಾಲೇಜು ಹುಡುಗ ಗೋಲಿನಲ್ಲಿ ನಿಂತಿದ್ದ. “ಕಾಕಾ, ಇವನಿಗಿಷ್ಟು ಕಲಸ್ರಿ” ಎಂದ ಬಸವಪ್ರಸಾದ.

ದುರುಗಪ್ಪ ಕಲಿಸಿದ. ಕಾಲು ಹೇಗೆ ಜೋಡಿಸಬೇಕು, ಚೆಂಡನ್ನು ಯಾವ ಕಡೆ ಒದೆಯಬೇಕು, ಎಲ್ಲವನ್ನೂ. ಗೌತಮ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ವಿನಯದ ಹುಡುಗ. ಒಂದನ್ನು ಮಾತ್ರ ದುರುಗಪ್ಪ ಬಿಟ್ಟ. ಎದುರಾಳಿ ಒಬ್ಬನೇ ನುಗ್ಗಿ ಬಂದರೆ ಕೀಪರ್ ಗೆರೆಯ ಮೇಲೆ ನಿಲ್ಲಬಾರದು, ಮುಂದೆ ಹೋಗಿ ಅವನಿಗೆ ಗೋಲು ಕಾಣದಂತೆ ಅಡ್ಡ ನಿಲ್ಲಬೇಕು. ಹುಡುಗ ಕೇಳಿದಾಗ, “ಗೆರಿ ಬಿಡಬ್ಯಾಡ” ಎಂದುಬಿಟ್ಟ.

ಗೌತಮನ ಮೊದಲ ಪಂದ್ಯ ಮಾನ್ವಿಯಲ್ಲಿ. ಮಾನ್ವಿಯ ಹುಡುಗರು ಮೂರು ಸಲ ಒಬ್ಬೊಬ್ಬರೇ ನುಗ್ಗಿ ಬಂದರು. ಗೌತಮ ಮೂರು ಸಲವೂ ಗೆರೆಗೆ ಅಂಟಿಕೊಂಡು ನಿಂತ. ಮೂರೂ ಗೋಲಾದವು. ಬಸವಪ್ರಸಾದ ಕೈಸನ್ನೆ ಮಾಡಿ ಅವನನ್ನು ಹೊರಗೆ ಕಳಿಸಿದ.

ಹುಡುಗ ತಲೆ ಬಗ್ಗಿಸಿಕೊಂಡು ಬರುವುದನ್ನು ದುರುಗಪ್ಪ ನೋಡಿದ. ಬಹಳ ದಿನಗಳ ಮೇಲೆ ಎದೆ ಹಗುರಾದಂತೆನಿಸಿತು. ಸರಿದು ಬೆಂಚಿನಲ್ಲಿ ಜಾಗ ಕೊಟ್ಟ.

ಗೌತಮ ಹೆಲ್ಮೆಟ್ ತೆಗೆದ. ಮುಖವೆಲ್ಲ ಬೆವರು. “ಕಾಕಾ, ನೀವು ಹೇಳಿದಂಗಾ ನಿಂತಿದ್ದೆ. ಎಲ್ಲಿ ತಪ್ಪಿದೆ, ಹೇಳ್ರಿ. ಮುಂದಿನ ಸಲ ತಿದ್ಕೊಂತೀನಿ.”

ದುರುಗಪ್ಪ ಮೈದಾನವನ್ನೇ ನೋಡುತ್ತಿದ್ದ.

“ಎಲ್ಲಿ ಅಂತ ನಂಗೂ ತಿಳೀಲಿಲ್ಲಪಾ” ಎಂದ.